ದೇಜಪ್ಪಣ್ಣನ ‘ಉಂಟು’

ಮನುಷ್ಯರ ಸ್ವರವನ್ನು ಅಳೆಯಲು ದೇಜಪ್ಪಣ್ಣನ ಬಳಿ ಇದ್ದದ್ದು ಮೂರೇ ಮಾತು. ಸ್ಪಷ್ಟವಾಗಿ ಕೇಳಿಸಿದರೆ ‘ಉಂಟು’. ಅರ್ಧಂಬರ್ಧ ಕೇಳಿಸಿದರೆ ‘ಉಂಟಾ ಅಂದ್ರೆ ಉಂಟು’. ಕೇಳಿಸದಿದ್ದರೆ ‘ಇಲ್ಲ’. ಈ ಮೂರನೆಯದನ್ನು ಅವರು ರೇಷನ್ ಅಂಗಡಿಯವನು ಸೀಮೆಎಣ್ಣೆ ಇಲ್ಲ ಅನ್ನುವ ಹಾಗೆ ಹೇಳುತ್ತಿದ್ದರು. ತಲೆ ಕೂಡ ಎತ್ತದೆ ಹೇಳಿದ್ದಾರೆ ಅಂತ ರೇಡಿಯೊದಲ್ಲೇ ಗೊತ್ತಾಗುತ್ತಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಮನೆಯಲ್ಲೇ ಸೆಟ್ಟಿಟ್ಟುಕೊಂಡು ಒಬ್ಬರಿಗೊಬ್ಬರು ಮಾತಾಡುವ ಹವ್ಯಾಸಿ ರೇಡಿಯೊದವರಲ್ಲಿ ಆ ‘ಇಲ್ಲ’ವನ್ನು ನನ್ನಷ್ಟು ತಿಂದವರು ಇನ್ನೊಬ್ಬರಿಲ್ಲ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುವವರು ಬೇರೆ ಯಾರನ್ನಾದರೂ ಕೇಳಲಿ. ನನಗೆ ಆ ಮನುಷ್ಯನ ಮೇಲೆ ಇನ್ನೂ ಸಿಟ್ಟು ಇಳಿದಿಲ್ಲ.

ನನ್ನದು ಮೂಡಬಿದ್ರೆಯಲ್ಲಿ ಒಂದು ಬಟ್ಟೆ ಅಂಗಡಿ. ನೈಟಿ, ಚೂಡಿದಾರ್ ಪೀಸು, ಶಾಲು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ. ಗಂಡ ಸೌದಿಯ ದಮ್ಮಾಮಿನಲ್ಲಿ. ಮಿಜಾರಿನ ಒಂದು ಕಾಲೇಜಿನಲ್ಲಿ ಭಾನುವಾರ ಹವ್ಯಾಸಿ ರೇಡಿಯೊ ಕಲಿಸುತ್ತಾರೆ ಅಂತ ಮಗಳು ರುಮಾನಾ ಸೇರಿಕೊಂಡಳು, ಸ್ವಲ್ಪ ದಿನಕ್ಕೇ ಬೋರು ಅಂತ ಬಿಟ್ಟಳು. ಖಾಲಿಯಾದ ಕುರ್ಚಿಯಲ್ಲಿ ನಾನು ಹೋಗಿ ಕೂತೆ. ಹುಡುಗರೆಲ್ಲ ಆಂಟಿ ಬಂದ್ರು ಅಂತ ನಕ್ಕರು. ಅವರಲ್ಲಿ ಅರ್ಧ ಜನ ಪರೀಕ್ಷೆಯಲ್ಲಿ ಫೇಲಾದರು, ಆಂಟಿ ಪಾಸಾದಳು. ಲೈಸೆನ್ಸ್ ಬಂತು, ವಾಕಿಟಾಕಿಯ ಹಾಗೆ ಕೈಯಲ್ಲಿ ಹಿಡಿಯುವ ಒಂದು ವಿಎಚ್‌ಎಫ್ ಸೆಟ್ಟೂ ಬಂತು. ಮೊಬೈಲ್ ಇರುವಾಗ ಇದೆಂತಕ್ಕೆ ಅಂತ ಗಂಡ ಫೋನಿನಲ್ಲಿ ಕೇಳಿದರು. ಮೊಬೈಲಿನಲ್ಲಿ ನೀವು ಮಾತ್ರ ಸಿಗುವುದು ಅಂದೆ.

ಇಂಥ ಸೆಟ್ಟಿಗೆ ಆಂಟೆನಾ ಎತ್ತರದಲ್ಲಿರಬೇಕು. ನಮ್ಮ ಕಟ್ಟಡದ ಟೆರೇಸಿಗೆ ಬೀಗ. ನೀರಿನ ಟ್ಯಾಂಕಿ ಉಂಟು, ಸೋಲಾರ್ ಉಂಟು, ಹೆಂಗಸರು ಮೇಲೆ ಹೋಗಿ ಎಂತ ಮಾಡ್ಲಿಕ್ಕೆ ಅಂತ ಸೆಕ್ರೆಟರಿ ಕೀಲಿಕೈಯನ್ನು ಜನಿವಾರದಂತೆ ಮೈಮೇಲೇ ಇಟ್ಟುಕೊಂಡು ತಿರುಗುತ್ತಾನೆ. ಹಾಗಾಗಿ ಕ್ಲಾಸಿನಲ್ಲಿ ಕಲಿಸಿದ ಹಾಗೆ ಹಳೆಯ ಟಿವಿಯ ಚಪ್ಪಟೆ ವಯರಿನಿಂದ ಮಾರುದ್ದದ ಒಂದು ಆಂಟೆನಾ ಮಾಡಿಕೊಂಡೆ. ಮನೆಯೊಳಗೆ ಎಲ್ಲಿ ಕಟ್ಟುವುದು? ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಇರುತ್ತದಲ್ಲ, ಅದರ ಉದ್ದಕ್ಕೆ ಕ್ಲಿಪ್ಪು ಹಾಕಿ ಹಾಸಿಬಿಟ್ಟೆ. ನೋಡಲು ಚಂದವೇ ಇತ್ತು.

ನಮ್ಮವರೆಲ್ಲ ಸಂಜೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತಾರೆ. ಅದಕ್ಕೆ ನೆಟ್ ಅಂತ ಹೆಸರು. ಒಬ್ಬರು ಹಾಜರಿ ಕರೆದ ಹಾಗೆ ಒಬ್ಬೊಬ್ಬರನ್ನೇ ಕರೆದು, ಸ್ವರ ಹೇಗೆ ಬರುತ್ತಿದೆ ಅಂತ ರಿಪೋರ್ಟ್ ಕೊಡುತ್ತಾರೆ. ಮಧ್ಯೆ ಯಾವ ಟವರೂ ಇಲ್ಲ. ನಮ್ಮ ಆಂಟೆನಾದಿಂದ ಅವರ ಆಂಟೆನಾಕ್ಕೆ ನೇರ. ಆ ಕಾಲಕ್ಕೆ ನೆಟ್ ನಡೆಸುತ್ತಿದ್ದವರು ದೇಜಪ್ಪಣ್ಣ. ಗುರುವಾಯನಕೆರೆಯಿಂದ ವೇಣೂರಿನ ಕಡೆಗೆ ಬರುವಾಗ ಸಿಗುವ ಒಂದು ಗುಡ್ಡದ ತಲೆಯಲ್ಲಿ ಅವರ ಮನೆ, ಸುತ್ತ ರಬ್ಬರ್ ತೋಟ, ಅಂಗಳದಲ್ಲಿ ತೆಂಗಿನಮರಕ್ಕಿಂತ ಎತ್ತರದ ಕಬ್ಬಿಣದ ಕಂಬ. ಕಂಬದ ತುದಿಯಲ್ಲಿ ಆಂಟೆನಾ. ಮಾತಾಡುವಾಗ ಹಿಂದಿನಿಂದ ನವಿಲಿನ ಕೂಗು ಕೇಳುತ್ತಿತ್ತು. ಪಾಠ ಓದಿಸುವ ಮೇಷ್ಟ್ರ ಹಾಗೆ ಒಂದೊಂದೇ ಪದವನ್ನು ಇಳಿಸಿ ಇಳಿಸಿ ಮಾತಾಡುವವರು. ಗುಡ್ಡದ ಮೇಲಿದ್ದೇನೆ ಅನ್ನುವ ಗರ್ವ ಪ್ರತಿ ಪದದಲ್ಲೂ ಇತ್ತು.

ಮೊದಲ ಸಂಜೆ ನಾನು ಲೈಸೆನ್ಸಿನ ಜೊತೆ ಸಿಕ್ಕಿದ ನನ್ನ ಕರೆಸಂಕೇತ ಹೇಳಿ, ಹೆಸರು ಸಫಿಯಾ, ಊರು ಮೂಡಬಿದ್ರೆ ಅಂದೆ. ಆಚೆಯಿಂದ ದೇಜಪ್ಪಣ್ಣ ಒಂದು ಕೆಮ್ಮು ಕೆಮ್ಮಿದರು.

“ಯಾರೋ ಮಿಕ್ಸಿ ಹಾಕಿದ್ದಾರೆ. ಸ್ವಲ್ಪ ಬಂದ್ ಮಾಡಿ.”

ಬಂಟ್ವಾಳದ ಒಬ್ಬರು ಹಲ್ಲಿನ ಡಾಕ್ಟರು, ಬಹಳ ಮರ್ಯಾದಸ್ಥರು, ನನ್ನ ಪರವಾಗಿ ಬಂದರು. “ದೇಜಪ್ಪಣ್ಣ, ಅವರು ಮೂಡಬಿದ್ರೆಯ ಸಫಿಯಾ ಮೇಡಂ. ಹೊಸಬರು. ಮನೆಯ ಒಳಗೆ ಆಂಟೆನಾ ಇಟ್ಟದ್ದಂತೆ, ಮಿಜಾರಿನ ಕ್ಲಾಸಿನ ಹುಡುಗರು ಹೇಳಿದ್ರು. ನನಗೆ ತುಂಬಾ ಚೆನ್ನಾಗಿ ಕೇಳ್ತಾ ಉಂಟು.”

“ಹೌದಾ? ಹಾಗಾದ್ರೆ ಅವರು ಈಗ ಎಂತ ಹೇಳಿದ್ರು ಡಾಕ್ಟ್ರೇ?”

“ನಮಸ್ಕಾರ ಅಂದ್ರು ಅಂತ ಕಾಣ್ತದೆ,” ಅಂದರು ಡಾಕ್ಟರು.

“ಪಾಪ ಅಂತ ರಿಪೋರ್ಟ್ ಕೊಡುವ ಕ್ರಮ ಇಲ್ಲ,” ಅಂದರು ದೇಜಪ್ಪಣ್ಣ. “ಮೂಡಬಿದ್ರೆ ಅಡುಗೆಮನೆ, ಇಲ್ಲ. ಮುಂದಿನವರು.”

ಅಡುಗೆಮನೆ! ನಾನು ಹಾಲಿನಲ್ಲಿ ಕೂತಿದ್ದೆ. ಮಿಕ್ಸಿ ಅಂದಮೇಲೆ ಅಡುಗೆಮನೆ ಅಂತ ಅವರೇ ಲೆಕ್ಕ ಹಾಕಿದ್ದು. ಮುಂದಿನವರು ಮಾತು ಶುರು ಮಾಡುವ ಮೊದಲು ನಕ್ಕದ್ದು ನನಗೆ ಕೇಳಿಸಿತು. ಆ ರಾತ್ರಿ ಅನ್ನ ಸೇರಲಿಲ್ಲ. ಈ ಮನುಷ್ಯನ ಕಿವಿಯಲ್ಲಿ ನನ್ನ ಸ್ವರ ತುಂಬಬೇಕು, ವಾಲ್ಯೂಮ್ ಕಡಿಮೆ ಮಾಡಲು ಅವನು ಓಡಬೇಕು, ಕೊನೆಗೊಂದು ದಿನ ಅವನು ಕರೆಯುವಾಗ ನಾನು ‘ಇಲ್ಲ’ ಅನ್ನಬೇಕು. ನಾನು ರೇಡಿಯೊ ಕಲಿತದ್ದು ಆಕಾಶದ ಮೇಲಿನ ಪ್ರೀತಿಯಿಂದಲ್ಲ, ಈ ಹಟದಿಂದ.

ಆಮೇಲೆ ದಿನಾ ಸಂಜೆ ಅದೇ ಪೂಜೆ. ಮೂಡಬಿದ್ರೆ ಅಡುಗೆಮನೆ, ಇಲ್ಲ. ಮಳೆಗಾಲ ಬಂತು. ಹಗ್ಗದ ಮೇಲೆ ಒದ್ದೆ ಬಟ್ಟೆ ಬಿತ್ತು. ಆಂಟೆನಾದ ಮೇಲೆ ಬಟ್ಟೆ ಹಾಕ್ಬೇಡ ಅಂತ ನಾನು, ಬಟ್ಟೆ ಹಾಕುವ ಹಗ್ಗಕ್ಕೆ ಆಂಟೆನಾ ಕಟ್ಟಿದ್ದು ಯಾರು ಅಂತ ಮಗಳು. ಒಂದು ದಿನ ಅವಳು ನೀರು ಹಿಂಡದ ಎರಡು ಬುರ್ಖಾ ಒಟ್ಟಿಗೆ ಹಾಕಿದಳು. ಒಂದು ಕಡೆಯ ಮೊಳೆ ಕಿತ್ತು ಹಗ್ಗ ಬಿತ್ತು. ಬಟ್ಟೆಯೆಲ್ಲ ನೆಲಕ್ಕೆ. ಆಂಟೆನಾ ಮಾತ್ರ ಇನ್ನೊಂದು ಕಡೆಯ ಮೊಳೆಯಿಂದ ನೆಟ್ಟಗೆ ಕೆಳಗೆ ನೇತಾಡುತ್ತಿತ್ತು. ನೆಟ್‌ಗೆ ಹೊತ್ತಾಗಿತ್ತು. ಸರಿ ಮಾಡಲು ಹೋಗದೆ ಹಾಗೆಯೇ ಕರೆದೆ.

ಆಚೆ ಕಡೆಯಿಂದ ಮತ್ತೆ ಆ ಕೆಮ್ಮು.

“ಮೂಡಬಿದ್ರೆ ಅಡುಗೆಮನೆ. ಉಂಟಾ ಅಂದ್ರೆ ಉಂಟು. ಎಂತ ಮಾಡಿದ್ರಿ ಇವತ್ತು?”

ಹಗ್ಗ ಬಿದ್ದದ್ದನ್ನು ಹೇಳಿದೆ. ಅವರು ನಕ್ಕದ್ದನ್ನು ಮೊದಲ ಸಲ ಕೇಳಿದೆ. ಒಣ ತೆಂಗಿನಗರಿ ಎಳೆದುಕೊಂಡು ಹೋದ ಹಾಗಿತ್ತು. “ಇಷ್ಟು ದಿನ ಅದನ್ನು ಮಲಗಿಸಿದ್ರಾ? ನಮ್ಮ ಎಲ್ಲರ ಆಂಟೆನಾ ನಿಂತುಕೊಂಡು ಇರುವುದು ಮಾರಾಯ್ರೆ. ನಿಂತದ್ದಕ್ಕೂ ಮಲಗಿದ್ದಕ್ಕೂ ಮಾತುಕತೆ ಆಗ್ಲಿಕ್ಕಿಲ್ಲ. ನನಗೆ ಅಂದಾಜು ಇತ್ತು.”

“ಅಂದಾಜು ಇದ್ದರೆ ಹೇಳ್ಲಿಲ್ಲ ಯಾಕೆ?”

“ನೀವು ಕೇಳಿದ್ರಾ?”

ಸೆಟ್ಟನ್ನು ಗೋಡೆಗೆ ಬಡಿಯುವುದೊಂದು ಬಾಕಿ. ಒಂದೇ ಒಂದು ಮಾತು, ಆಂಟೆನಾ ನಿಲ್ಲಿಸಿ ಅಂತ, ಹೇಳಿದ್ದರೆ ನಾನು ಅಷ್ಟು ದಿನ ಊರೆದುರು ಮಿಕ್ಸಿ ಆಗಬೇಕಿರಲಿಲ್ಲ. ಒಳ್ಳೆಯ ಗುರುಗಳು ಹಾಗೆಯೇ, ತಾನಾಗಿ ಕಲಿಯಲಿ ಅಂತ ಸುಮ್ಮನಿರುತ್ತಾರೆ ಅಂತ ಡಾಕ್ಟರು ಸಮಾಧಾನ ಹೇಳಿದರು. ಗುರುವೂ ಅಲ್ಲ, ಮಣ್ಣೂ ಅಲ್ಲ. ನಾನು ಒದ್ದಾಡುವುದನ್ನು ನೋಡಿ ಅವರಿಗೆ ಖುಷಿ ಇತ್ತು. ಅದು ನನಗೆ ಗೊತ್ತು, ಯಾಕೆಂದರೆ ಮುಂದೆ ಅದೇ ಖುಷಿ ನನಗೂ ಸಿಕ್ಕಿತು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಆಂಟೆನಾ ಹಿಡಿದುಕೊಂಡು ಮನೆಯ ಮೂಲೆ ಮೂಲೆ ತಿರುಗಿದೆ. ಕಬ್ಬಿಣದ ಕಪಾಟಿನ ಹತ್ತಿರ ಸ್ವರ ಸಾಯುತ್ತದೆ. ಕಿಟಕಿಯ ಸರಳಿಗೆ ತಾಗಿಸಿದರೆ ಕೆಡುತ್ತದೆ, ಒಂದು ಗೇಣು ಒಳಗೆ ತಂದರೆ ಏಳುತ್ತದೆ. ಅವರ ಗುಡ್ಡ ಇರುವುದು ನಮಗೆ ಪೂರ್ವಕ್ಕೆ. ಪೂರ್ವಕ್ಕೆ ಕಿಟಕಿ ಇರುವುದು ಅಡುಗೆಮನೆಯಲ್ಲಿ ಮಾತ್ರ. ಅವರು ಇಟ್ಟ ಹೆಸರೇ ನಿಜವಾಯಿತಲ್ಲ ಅಂತ ಸಿಟ್ಟು ಬಂತು, ಆದರೂ ಹೋದೆ. ಕಾರಿನ ತಲೆಯ ಮೇಲೆ ಕೂರಿಸುವ, ಬುಡದಲ್ಲಿ ಅಯಸ್ಕಾಂತ ಇರುವ ಕಡ್ಡಿ ಆಂಟೆನಾ ಒಂದನ್ನು ತರಿಸಿದೆ. ಅದಕ್ಕೆ ಕೆಳಗೆ ಕಬ್ಬಿಣದ ತಗಡು ಬೇಕು. ಉಮ್ಮನ, ಅಂದರೆ ನನ್ನ ತಾಯಿಯ, ಕಾಲದ ಕಬ್ಬಿಣದ ದೋಸೆ ಕಾವಲಿ ಒಂದಿತ್ತು, ಅದನ್ನು ಕಿಟಕಿಯ ಬುಡದಲ್ಲಿಟ್ಟು ಅದರ ಮೇಲೆ ಕೂರಿಸಿದೆ. ಬೆಳಿಗ್ಗೆ ಆಂಟೆನಾ ಕಿತ್ತು ನೀರುದೋಸೆ, ಸಂಜೆ ಕಾವಲಿ ತೊಳೆದು ಆಂಟೆನಾ.

ಆ ಸಂಜೆ ಅವರು ಹೇಳಿದರು: “ಮೂಡಬಿದ್ರೆ ಅಡುಗೆಮನೆ. ಉಂಟು. ಮುಂದಿನವರು.”

ಅಷ್ಟೇ. ಒಂದು ಶಹಬ್ಬಾಸ್ ಇಲ್ಲ, ಹೇಗೆ ಅಂತ ವಿಚಾರಣೆ ಇಲ್ಲ. ಶಾಲೆಯ ಹಾಜರಿಯ ಹಾಗೆ ಹೇಳಿ ಮುಂದೆ ಹೋದರು. ನಾನು ಹಲ್ಲು ಕಡಿದೆ. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅಂದುಕೊಂಡೆ.

ಒಂದೆರಡು ಮಳೆಗಾಲ ಹೋಯಿತು. ದೇಜಪ್ಪಣ್ಣನ ಮೊಣಕಾಲು ಗುಡ್ಡ ಹತ್ತಲು ಒಪ್ಪಲಿಲ್ಲ. ಮಗಳು ಪ್ರಮೀಳಾ ಅವರನ್ನು ಫರಂಗಿಪೇಟೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹೈವೇ ಪಕ್ಕದ ಕಟ್ಟಡ, ನೆಲಮಹಡಿಯ ಮನೆ. ಎದುರಿಗೆ ಲಾರಿಗಳು, ಹಿಂದೆ ಸ್ವಲ್ಪ ದೂರದಲ್ಲಿ ನೇತ್ರಾವತಿ. ಗುಂಡಿಯಲ್ಲಿ ಕೂತ ಹಾಗೆ. ಟೆರೇಸಿಗೆ ಅಲ್ಲಿಯೂ ಬೀಗ. ನೆಟ್ ಯಾರು ನಡೆಸುವುದು ಅಂತ ಮಾತು ಬಂದಾಗ, ಎಲ್ಲರಿಗೂ ನಡುವೆ ಆಗುವುದು ಮೂಡಬಿದ್ರೆ, ಮೇಡಂ ನಡೆಸಲಿ ಅಂತ ಡಾಕ್ಟರು ಹೇಳಿದರು. ಎಲ್ಲರೂ ಒಪ್ಪಿದರು. ದೇಜಪ್ಪಣ್ಣನನ್ನು ಯಾರೂ ಕೇಳಲಿಲ್ಲ, ಅವರ ಸ್ವರ ಆಗ ಯಾರಿಗೂ ತಲುಪುತ್ತಿರಲಿಲ್ಲ.

ಒಂದು ಸಂಜೆ ತಲುಪಿತು. ದೂರದಲ್ಲಿ, ಹಾವು ಬುಸುಗುಟ್ಟಿದಂಥ ಸದ್ದಿನ ಹಿಂದೆ, ಆ ಇಳಿಸಿ ಇಳಿಸಿ ಆಡುವ ಕನ್ನಡ. ಸಣ್ಣದಾಗಿತ್ತು, ಮಧ್ಯೆ ಮಧ್ಯೆ ನುಂಗಿ ಹೋಗುತ್ತಿತ್ತು, ಆದರೆ ಎಂತ ಹೇಳಿದರು ಅಂತ ನನಗೆ ತಿಳಿಯಿತು. ದೇಜಪ್ಪ, ಫರಂಗಿಪೇಟೆ, ಮನೆಯ ಒಳಗಿನ ಆಂಟೆನಾ, ಹೇಗೆ ಕೇಳ್ತಾ ಉಂಟು?

ನಾನು ಬಟನ್ ಒತ್ತಿ ಒಂದು ಕೆಮ್ಮು ಕೆಮ್ಮಿದೆ. “ಯಾರೋ ಮಿಕ್ಸಿ ಹಾಕಿದ್ದಾರೆ. ಫರಂಗಿಪೇಟೆ ಕಡೆಯಿಂದ ಇರ್ಬೇಕು. ಇಲ್ಲ. ಮುಂದಿನವರು.”

ಅಬ್ಬ, ಹೊಟ್ಟೆ ಎಷ್ಟು ತಣ್ಣಗಾಯಿತು ಅಂದರೆ ಆ ರಾತ್ರಿ ಎರಡು ದೋಸೆ ಹೆಚ್ಚಿಗೆ ತಿಂದೆ. ಮರುದಿನವೂ ಇಲ್ಲ ಅಂದೆ, ಅದರ ಮರುದಿನವೂ. ಡಾಕ್ಟರು ಫೋನ್ ಮಾಡಿದರು. “ಮೇಡಂ, ನನಗೆ ಅವರದ್ದು ಕೇಳ್ತಾ ಇತ್ತಲ್ಲ?”

“ನಿಮಗೆ ಯಾರದ್ದು ಕೇಳ್ಲಿಕ್ಕಿಲ್ಲ ಡಾಕ್ಟ್ರೇ?” ಅಂದೆ. ಅವರು ಫೋನ್ ಇಟ್ಟರು.

ಆ ವಾರವೇ, ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಯಲ್ಲಿದ್ದಾಗ, ಬಾಗಿಲು ತಟ್ಟಿದ ಸದ್ದಾಯಿತು. ರುಮಾನಾ ತೆರೆದಳು. ಕುಳ್ಳಗಿನ ಒಬ್ಬರು ಮುದುಕರು, ಬಿಳಿ ಪಂಚೆ, ಬೂದಿ ಬಣ್ಣದ ಅಂಗಿ, ಉದ್ದ ಕೊಡೆಯನ್ನು ಊರುಗೋಲು ಮಾಡಿಕೊಂಡು ಏದುಸಿರು ಬಿಡುತ್ತಿದ್ದಾರೆ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಕೂತಿತ್ತು. ಆ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿದ್ದರು. ಕೆಮ್ಮಿದಾಗ ನನಗೆ ಗುರುತು ಸಿಕ್ಕಿತು. ಅಷ್ಟು ಕಾಲ ಜಗಳವಾಡಿದ್ದರೂ ಮುಖ ನೋಡಿದ್ದು ಅವತ್ತೇ.

ರೇಡಿಯೊದ ಕನ್ನಡವನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು. “ಸತ್ಯ ಪನ್ಲೆ,” ಅಂದರು ತುಳುವಿನಲ್ಲಿ, ಇನ್ನೂ ಚಪ್ಪಲಿ ಬಿಡುವ ಮೊದಲೇ. ಸತ್ಯ ಹೇಳಿ. ನನ್ನ ಸ್ವರ ನಿಜಕ್ಕೂ ಬರ್ತಾ ಇಲ್ಲವಾ, ನೀವು ಹಟಕ್ಕೆ ಹೇಳುವುದಾ?

“ಮೊದಲು ಕೂತುಕೊಳ್ಳಿ ದೇಜಪ್ಪಣ್ಣ. ಚಾ ಕುಡಿಯುವ.”

“ಚಾ ಆಮೇಲೆ. ನಿದ್ದೆ ಬರುವುದಿಲ್ಲ ನನಗೆ.”

ನಾನು ಕೇಳಬೇಕೆಂದಿದ್ದ ಮಾತು ಅದು. ಇನ್ನೊಂದು ಸಲ ಹೇಳಲಿ ಅನ್ನಿಸಿತು. ಉತ್ತರ ಕೊಡದೆ ಒಳಗೆ ಹೋಗಿ ನೀರುದೋಸೆ ಎರೆದೆ, ಚಟ್ನಿ ಹಾಕಿ ಕೊಟ್ಟೆ. ಅವರು ಸಿಟ್ಟಿನಲ್ಲೇ ತಿಂದರು, ಸಿಟ್ಟಿನಲ್ಲೇ ಇನ್ನೆರಡು ಹಾಕಿಸಿಕೊಂಡರು. ಕೈ ತೊಳೆಯಲು ಬಂದವರು ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದರು.

“ಆಂಟೆನಾ ಎಲ್ಲಿ ಉಂಟು?”

ನಾನು ಗೋಡೆಗೆ ಒರಗಿಸಿದ್ದ ಕಡ್ಡಿಯನ್ನು ತೆಗೆದು ಕಾವಲಿಯ ಮೇಲೆ ಕೂರಿಸಿ ತೋರಿಸಿದೆ. ಟಕ್ಕೆಂದು ಹಿಡಿಯಿತು.

“ಈಗ ದೋಸೆ ಮಾಡಿದ್ದು ಇದರಲ್ಲೇ?”

“ಮತ್ತೆ? ನಿಮಗೆ ಬೇರೆ ಕಾವಲಿ ಇಡ್ಬೇಕಿತ್ತಾ?”

ಅವರು ಕಾವಲಿಯನ್ನು ಬೆರಳಿನಿಂದ ತಟ್ಟಿದರು, ಬಿಸಿ ಇತ್ತು, ಕೈ ಹಿಂದೆ ತೆಗೆದರು. ಕಿಟಕಿಯ ಸರಳಿನಿಂದ ಕಡ್ಡಿಗೆ ಎಷ್ಟು ದೂರ ಅಂತ ಗೇಣು ಹಾಕಿ ನೋಡಿದರು. “ಇದನ್ನು ಯಾರು ಹೇಳಿಕೊಟ್ಟದ್ದು?”

“ಹೇಳಿಕೊಡುವವರು ಬಾಯಿ ಮುಚ್ಚಿ ಕೂತಿದ್ರಲ್ಲ.”

ಅವರು ನನ್ನ ಮುಖ ನೋಡಿದರು. ಆಮೇಲೆ ಆ ತೆಂಗಿನಗರಿ ಎಳೆಯುವ ನಗು ಬಂತು, ಕೆಮ್ಮಾಗಿ ಮುಗಿಯಿತು. ಇವರಿಗೂ ಇದು ಆಟವೇ, ನನ್ನಷ್ಟೇ ಹಟದ ಮನುಷ್ಯ ಇವರು ಅಂತ ಆಗ ಅನ್ನಿಸಿತು. ಇಷ್ಟವೂ ಆಯಿತು. ಇಷ್ಟವಾದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮೆಟ್ಟಿಲ ಬಳಿ ನಿಂತು ತಿರುಗಿದರು. “ನೀವು ಹೇಳ್ಲೇ ಇಲ್ಲ.”

“ಎಂತ?”

“ಬರ್ತದಾ ಇಲ್ಲವಾ ಅಂತ.”

“ನೆಟ್‌ನಲ್ಲಿ ಹೇಳ್ತೇನೆ,” ಅಂದೆ.

ಅವರು ಬೈದುಕೊಳ್ಳುತ್ತ ಇಳಿದರು. ರುಮಾನಾ ಆಟೋ ಮಾಡಿ ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬಂದಳು. ದಾರಿಯುದ್ದಕ್ಕೂ ನಿಮ್ಮ ಅಮ್ಮ ಹೇಗೆ ಅಂತಲೇ ಕೇಳಿದರಂತೆ. ಅಮ್ಮ ಯಾವಾಗಲೂ ಹೀಗೆಯೇ ಅಂದಳಂತೆ ಇವಳು.

ಅವತ್ತಿನಿಂದ ನಾನು ಅವರಿಗೆ ಕೊಟ್ಟದ್ದು ‘ಉಂಟಾ ಅಂದ್ರೆ ಉಂಟು’ ಮಾತ್ರ. ಅದರಲ್ಲಿ ಸುಳ್ಳಿರಲಿಲ್ಲ, ಆ ಗುಂಡಿಯಿಂದ ಬರುತ್ತಿದ್ದದ್ದೇ ಅಷ್ಟು. ಆದರೆ ಅವರು ಬಿಡುವವರಲ್ಲ. ಇವತ್ತು ಪರದೆಯ ಸರಳಿಗೆ ಕಟ್ಟಿದ್ದೇನೆ ಅನ್ನುತ್ತಿದ್ದರು. ಇವತ್ತು ಸೊಳ್ಳೆಪರದೆಯ ಕೋಲಿಗೆ. ಇವತ್ತು ಕಪಾಟಿನ ತಲೆಗೆ, ಕೇಳಿ ನೋಡುವ. ನಾನು ಉಂಟಾ ಅಂದ್ರೆ ಉಂಟು ಅನ್ನುತ್ತಿದ್ದೆ. ನಾಳೆ ಸರಿ ಮಾಡ್ತೇನೆ ಅನ್ನುತ್ತಿದ್ದರು. ಗುಡ್ಡದ ಮೇಲೆ ಕಂಬ ಇಟ್ಟುಕೊಂಡು ಮೆರೆದವರು ಮಗಳ ಮನೆಯಲ್ಲಿ ವಯರು ಹಿಡಿದು ಮೂಲೆ ಮೂಲೆ ತಿರುಗುವುದನ್ನು ನೆನೆಸಿಕೊಂಡರೆ ನನಗೆ ದಿನದ ದಣಿವೆಲ್ಲ ಇಳಿಯುತ್ತಿತ್ತು. ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತಿತ್ತು. ಫರಂಗಿಪೇಟೆಗೆ ಮೂಡಬಿದ್ರೆ ಇರುವುದು ಉತ್ತರಕ್ಕೆ. ಉತ್ತರದ ಕಿಟಕಿ ಆ ಮನೆಯಲ್ಲಿ ಯಾವ ಕೋಣೆಯದ್ದು ಅಂತ ಪ್ರಮೀಳಾನನ್ನು ಒಮ್ಮೆ ಫೋನಿನಲ್ಲಿ ಕೇಳಿ ತಿಳಿದುಕೊಂಡಿದ್ದೆ. ಹೇಳಲಿಲ್ಲ. ಅವರು ಕೇಳಿದರಾ?

ಕೊನೆಕೊನೆಗೆ ಸ್ವರದಲ್ಲಿ ಉಸಿರು ಕಡಿಮೆಯಾಯಿತು. ಹೃದಯದ್ದು ತೊಂದರೆ, ಮಾತಾಡಬಾರದು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಆದ್ರೆ ಸಂಜೆಯಾದ್ರೆ ಅಪ್ಪ ಯಾರ ಮಾತೂ ಕೇಳುವುದಿಲ್ಲ ಅಂತ ಪ್ರಮೀಳಾ ಹೇಳಿದಳು. ಕೆಲವು ದಿನ ಅವರು ಬರಲಿಲ್ಲ. ನಾನು ನೆಟ್ ಮುಗಿಸುವುದನ್ನು ತಡ ಮಾಡುತ್ತಿದ್ದೆ. ಅದು ಬೇರೆ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಒಂದು ಸಂಜೆ, ಹೆಚ್ಚಿನವರು ಸೆಟ್ ಬಂದ್ ಮಾಡಿ ಹೋದ ಮೇಲೆ, ಬಂದರು. ಬಂದದ್ದು ಹೇಗೆ ಅಂದರೆ, ನನ್ನ ಅಡುಗೆಮನೆಯೊಳಗೇ ನಿಂತು ಮಾತಾಡಿದ ಹಾಗೆ. ಬುಸುಗುಟ್ಟುವಿಕೆ ಇಲ್ಲ, ಗೊರಗೊರ ಇಲ್ಲ. ಉಸಿರು ಎಳೆದುಕೊಂಡದ್ದು ಸಹ ಕೇಳಿಸಿತು. ಮತ್ತು ಅವರ ಮಾತಿನ ಹಿಂದೆ, ಸ್ಪಷ್ಟವಾಗಿ, ಕುಕ್ಕರ್ ಒಮ್ಮೆ ಕೂಗಿತು.

ನಾನು ಪಕ್ಕದಲ್ಲಿ ಕೂತಿದ್ದ ಮಗಳ ತೊಡೆಗೆ ಹೊಡೆದೆ. ಅಡುಗೆಮನೆ! ಮುದುಕರು ಕೊನೆಗೂ ಅಡುಗೆಮನೆಗೆ ಬಂದಿದ್ದರು. ಹೇಳಬೇಕೆಂದು ಬಾಯಿಗೆ ಬಂತು: ಫರಂಗಿಪೇಟೆ ಅಡುಗೆಮನೆ, ಕುಕ್ಕರ್ ಇಳಿಸಿ. ತಡೆದುಕೊಂಡೆ. ಇಷ್ಟು ಒಳ್ಳೆಯ ಬಾಣವನ್ನು ಒಂದೇ ದಿನದಲ್ಲಿ ಖರ್ಚು ಮಾಡುವವಳಲ್ಲ ನಾನು. ಇವತ್ತು ಅವರಿಗೆ ಸಲ್ಲಬೇಕಾದ್ದನ್ನು ಕೊಡುವ, ಕುಕ್ಕರಿನ ವಿಷಯ ನಾಳೆ ಎಲ್ಲರೂ ಸೇರಿದ ಮೇಲೆ ತೆಗೆಯುವ ಅಂತ ಇಟ್ಟುಕೊಂಡೆ.

“ಫರಂಗಿಪೇಟೆ,” ಅಂದೆ. “ಉಂಟು.”

ಆಚೆ ಕಡೆ ಅವರು ಬಟನ್ ಒತ್ತಿ ಸುಮ್ಮನೆ ಹಿಡಿದದ್ದು ತಿಳಿಯುತ್ತಿತ್ತು.

“ಪಾಪ ಅಂತ ರಿಪೋರ್ಟ್ ಕೊಡುವ ಕ್ರಮ ಇಲ್ಲ,” ಅಂದರು.

“ಪಾಪ ಅಂತ ಅಲ್ಲ ದೇಜಪ್ಪಣ್ಣ. ಉಂಟು. ನಿಜಕ್ಕೂ ಉಂಟು.”

“ಆಯ್ತು ಆಯ್ತು. ನಾಳೆ ಸರಿ ಮಾಡ್ತೇನೆ. ನಾಳೆ ಕೇಳುವ.”

ಮರುದಿನ ಮಧ್ಯಾಹ್ನದೊಳಗೆ ಸುದ್ದಿ ಬಂತು. ಬೆಳಿಗ್ಗೆ ಎಬ್ಬಿಸಲು ಹೋದಾಗ ಏಳಲಿಲ್ಲವಂತೆ.

ಎಲ್ಲ ಮುಗಿದ ಮೇಲೆ ಒಂದು ದಿನ ನಾನು ಮತ್ತು ರುಮಾನಾ ಫರಂಗಿಪೇಟೆಗೆ ಹೋದೆವು. ಪ್ರಮೀಳಾ ನಮ್ಮನ್ನು ಹಾಲಿನಲ್ಲಿ ಕೂರಿಸಲಿಲ್ಲ, ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು. ಉತ್ತರದ ಕಿಟಕಿಯ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕಟ್ಟೆಯ ಮೇಲೆ ಕಾವಲಿ, ಕಾವಲಿಯ ಮೇಲೆ ಕಡ್ಡಿ ನೆಟ್ಟಗೆ ನಿಂತಿತ್ತು. ಸರಳಿನಿಂದ ಒಂದು ಗೇಣು ಒಳಗೆ.

“ನಮ್ಮದು ನಾನ್‌ಸ್ಟಿಕ್ ಅಕ್ಕ, ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ. ಪಕ್ಕದ ಮನೆಯಿಂದ ಕಬ್ಬಿಣದ್ದು ತರಿಸಿದ್ರು. ನಿಮಗೆ ಮಾತ್ರ ಹೇಳ್ಬಾರ್ದು ಅಂತ ನನ್ನ ಹತ್ತಿರ ಆಣೆ ಹಾಕಿಸಿದ್ರು. ಮೂಡಬಿದ್ರೆಯವರಿಗೆ ಗೊತ್ತಾದ್ರೆ ನನ್ನ ಮರ್ಯಾದೆ ತೆಗೀತಾರೆ ಅಂತ.”

“ಅವತ್ತು ಸಂಜೆ ನಾನು ಉಂಟು ಅಂದೆ. ಆಮೇಲೆ ಎಂತ ಹೇಳಿದ್ರು?”

ಪ್ರಮೀಳಾ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. “ಸೆಟ್ ಬಂದ್ ಮಾಡಿ ನಗಾಡಿದ್ರು. ಆ ಹೆಂಗಸು ಉಂಟು ಹೇಳಿತು ಅಂದ್ರೆ ನಂದು ಮುಗಿಯಿತು ಅಂತ ಲೆಕ್ಕ, ಇಲ್ಲದಿದ್ರೆ ಹೇಳುವ ಜಾತಿ ಅಲ್ಲ ಅದು ಅಂದ್ರು.”

“ಅವತ್ತು ನೀನು ಕುಕ್ಕರಿನಲ್ಲಿ ಎಂತ ಇಟ್ಟಿದ್ದೆ?”

“ಕುಚ್ಚಲಕ್ಕಿ. ಯಾಕೆ ಅಕ್ಕ?”

“ಅವರು ಹೆಸರು ಹೇಳುವಾಗ ಅದು ಒಂದು ಕೂಗು ಹಾಕಿತು. ನನಗೆ ಅಲ್ಲಿ ಕೇಳಿಸಿತು. ಅಷ್ಟು ಚೆನ್ನಾಗಿ ಬರ್ತಾ ಇತ್ತು ಅವರ ಸ್ವರ.”

ಅವಳು ನನ್ನನ್ನೇ ನೋಡಿದಳು. “ಅದನ್ನು ಅವತ್ತೇ ಹೇಳಿದ್ರೆ ಅಪ್ಪ ನಂಬ್ತಿದ್ರಲ್ಲ.”

“ನಾಳೆ ಹೇಳುವ ಅಂತ ಇಟ್ಟಿದ್ದೆ,” ಅಂದೆ.

ಪಕ್ಕದ ಮನೆಯವರಿಗೆ ಕಾವಲಿ ವಾಪಸು ಕೊಡಬೇಕಿತ್ತು. ಪ್ರಮೀಳಾ ಕಡ್ಡಿಯನ್ನು ಹಿಡಿದು ಎಳೆದಳು, ಬರಲಿಲ್ಲ. ನಾನೇ ಬುಡವನ್ನು ಓರೆ ಮಾಡಿ ಕಿತ್ತು ಕೊಟ್ಟೆ.

ಈಗಲೂ ನೆಟ್ ನಾನೇ ನಡೆಸುತ್ತೇನೆ. ಹೊಸ ಹುಡುಗರು ಹಾಸ್ಟೆಲಿನ ಕೋಣೆಯೊಳಗೆ ವಯರು ಕಟ್ಟಿ ಬರುತ್ತಾರೆ. ಕೇಳಿಸದಿದ್ದರೆ ಮುಖಕ್ಕೇ ‘ಇಲ್ಲ’ ಅನ್ನುತ್ತೇನೆ. ಹಲ್ಲು ಕಡಿಯಲಿ. ಆಂಟೆನಾ ಮಲಗಿಸಿದ್ದೀರಾ ನಿಲ್ಲಿಸಿದ್ದೀರಾ ಅಂತ ಮಾತ್ರ ಕೇಳಿಬಿಡುತ್ತೇನೆ. ಆದರೆ ಆ ಮುದುಕರನ್ನು ನಾನು ಕ್ಷಮಿಸಿಲ್ಲ. ಜೀವನದಲ್ಲಿ ಒಬ್ಬರಿಗೇ ನಾನು ಪೂರ್ತಿ ಮನಸ್ಸಿನಿಂದ ‘ಉಂಟು’ ಅಂದದ್ದು. ಅದನ್ನು ಪಾಪ ಅಂತ ಹೇಳಿದ್ದು ಅಂದುಕೊಂಡು, ನನ್ನ ಉತ್ತರಕ್ಕೂ ಕಾಯದೆ, ನಗಾಡಿಕೊಂಡು ಹೋಗಿಬಿಟ್ಟರು.